ಮುಟ್ಟು ನಿಂತ ಮೇಲೆ ಕಣ್ಣುರಿ: ಹಾರ್ಮೋನ್ ಮಾತ್ರೆಯಿಂದ ವಾಸಿಯಾದೀತೇ?

ಪ್ರಶ್ನೆ: ನನಗೆ 53 ವರ್ಷ. 50ರಲ್ಲಿ ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದರು. ಮೈ ಬಿಸಿಯೇರಿ ಬೆವರುವುದಕ್ಕೆಂದು ಈಸ್ಟ್ರೋಜನ್ ಮಾತ್ರೆ ನುಂಗುತ್ತಿದ್ದೇನೆ. ಈಗ ವರ್ಷದಿಂದ ಕಣ್ಣಲ್ಲಿ ಮರಳು ಬಿದ್ದ ಹಾಗಿರುತ್ತದೆ, ಗಾಳಿಗೆ ಹೋದರೆ ನೀರು ಸುರಿಯುತ್ತದೆ. ಇದನ್ನು ‘ಒಣಕಣ್ಣು’ ಎಂದರು. ನೀರು ಸುರಿಯುವ ಕಣ್ಣು ಒಣಗಿದ್ದು ಹೇಗೆ? ಮಾತ್ರೆ ಹೆಚ್ಚಿಸಿದರೆ ಸರಿಹೋದೀತೇ?
— ಓದುಗರು, ದಾವಣಗೆರೆ

ಉತ್ತರ: ಮಾತ್ರೆ ಹೆಚ್ಚಿಸಬೇಡಿ. ಹಾಗೆಂದು ನೀವಾಗಿಯೇ ನಿಲ್ಲಿಸುವುದೂ ಬೇಡ.

ಕಣ್ಣೀರು ಬರೀ ನೀರಲ್ಲ, ಅದರ ಮೇಲೊಂದು ತೆಳ್ಳನೆಯ ಎಣ್ಣೆಯ ಪದರವಿರುತ್ತದೆ. ರೆಪ್ಪೆಯಂಚಿನಲ್ಲಿ ಸಾಲಾಗಿ ಕೂತಿರುವ ಮೈಬೋಮಿಯನ್ ಗ್ರಂಥಿಗಳು ಈ ಎಣ್ಣೆಯನ್ನು ಕೊಡುತ್ತವೆ. ಎಣ್ಣೆ ಕಡಿಮೆಯಾದರೆ ನೀರು ಬೇಗ ಆರಿ ಕಣ್ಣು ಉರಿಯುತ್ತದೆ. ಆ ಉರಿಗೆ ಕಣ್ಣೀರಿನ ಗ್ರಂಥಿ ಒಮ್ಮೆಲೇ ನೀರು ಸುರಿಸುತ್ತದೆ. ಎಣ್ಣೆಯ ಹಿಡಿತವಿಲ್ಲದ ಆ ನೀರು ಕೆನ್ನೆಗಿಳಿಯುತ್ತದೆ, ಕಣ್ಣಲ್ಲಿ ನಿಲ್ಲುವುದಿಲ್ಲ.

ಈ ಗ್ರಂಥಿಗಳಿಗೆ ಮುಖ್ಯವಾಗಿ ಬೇಕಾದದ್ದು ಆಂಡ್ರೋಜನ್. ಗಂಡಸರ ಹಾರ್ಮೋನ್ ಎನ್ನುತ್ತೇವಾದರೂ ಹೆಂಗಸರ ಅಂಡಾಶಯವೂ ಅಡ್ರಿನಲ್ ಗ್ರಂಥಿಯೂ ಅದನ್ನು ತಯಾರಿಸುತ್ತವೆ. ವಯಸ್ಸಿನೊಂದಿಗೆ ಅದು ಇಳಿಯುತ್ತದೆ, ಅಂಡಾಶಯ ತೆಗೆದವರಲ್ಲಿ ಇನ್ನಷ್ಟು. ಈಸ್ಟ್ರೋಜನ್ ಆ ಕೊರತೆ ತುಂಬುವುದಿಲ್ಲ. ಬದಲಿಗೆ ಎಣ್ಣೆಯನ್ನು ಮತ್ತೂ ತಗ್ಗಿಸಬಹುದು. ಅಮೆರಿಕದಲ್ಲಿ ಮುಟ್ಟು ನಿಂತ 25,665 ಹೆಂಗಸರನ್ನು ಗಮನಿಸಿ 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹಾರ್ಮೋನನ್ನೇ ಮುಟ್ಟದವರಿಗೆ ಹೋಲಿಸಿದರೆ ಒಣಕಣ್ಣಿನ ಸಂಭವ ಈಸ್ಟ್ರೋಜನ್ ಒಂದನ್ನೇ ತೆಗೆದುಕೊಂಡವರಲ್ಲಿ ಶೇ 69, ಪ್ರೊಜೆಸ್ಟಿನ್ ಎಂಬ ಇನ್ನೊಂದು ಹಾರ್ಮೋನ್ ಜೊತೆಗೆ ತೆಗೆದುಕೊಂಡವರಲ್ಲಿ ಶೇ 29 ಹೆಚ್ಚಿತ್ತು. ಮಾತ್ರೆಯೇ ಕಾರಣವೆಂದು ಇದೊಂದರಿಂದಲೇ ಸಾಧಿಸಲಾಗದು, ಕೆಲವು ಸಣ್ಣ ಅಧ್ಯಯನಗಳಲ್ಲಿ ಉಪಯೋಗವೂ ಕಂಡಿದೆ. ಆದರೆ ಒಣಕಣ್ಣಿಗೆಂದೇ ಹಾರ್ಮೋನ್ ಕೊಡಲು ಇಷ್ಟು ಸಾಲದು.

ನಿಮ್ಮ ಮಾತ್ರೆ ಬೆವರಿಗೂ ಮೂಳೆಗೂ ಕೆಲಸ ಮಾಡುತ್ತಿದೆ. ಮಾತ್ರೆ ಶುರುವಾದ ತಿಂಗಳು, ಕಣ್ಣುರಿ ಶುರುವಾದ ತಿಂಗಳು ಎರಡನ್ನೂ ಬರೆದುಕೊಂಡು ಹೋಗಿ ಸ್ತ್ರೀರೋಗ ತಜ್ಞರಿಗೆ ತೋರಿಸಿ. ಪ್ರಮಾಣ ತಗ್ಗಿಸಬಹುದೇ ಎಂದು ಕೇಳಿ.

ಪ್ರಶ್ನೆ: ಒಣಕಣ್ಣಿಗೆ ಬಿಸಿ ಬಟ್ಟೆ ಇಡಲು ಹೇಳಿದ್ದರು, ತಿಂಗಳಾದರೂ ಗುಣವಿಲ್ಲ. ಡ್ರಾಪ್ಸ್ ದಿನಕ್ಕೆ ಎಂಟು ಸಲ ಹಾಕಿದರೂ ಉರಿ ಹೆಚ್ಚುತ್ತಿದೆ.
— ಓದುಗರು, ಶಿರಸಿ

ಉತ್ತರ: ಬಟ್ಟೆಯ ವಿಷಯದಲ್ಲಿ ಹೆಚ್ಚಿನವರು ಸೋಲುವುದು ಒಂದೇ ಕಡೆ: ಬಟ್ಟೆ ಎರಡು ನಿಮಿಷಕ್ಕೇ ತಣ್ಣಗಾಗುತ್ತದೆ. ಗ್ರಂಥಿಯೊಳಗೆ ತುಪ್ಪದಂತೆ ಗಟ್ಟಿಯಾದ ಎಣ್ಣೆ ಕರಗಲು ಸುಮಾರು 40 ಡಿಗ್ರಿ ಸೆಲ್ಸಿಯಸ್ ಶಾಖ 8–10 ನಿಮಿಷ ನಿಲ್ಲಬೇಕು. ಎರಡು ಬಟ್ಟೆ ಇಟ್ಟುಕೊಂಡು ಎರಡು ನಿಮಿಷಕ್ಕೊಮ್ಮೆ ಬದಲಿಸಿ. ಮೊದಲು ಮಣಿಕಟ್ಟಿನ ಒಳಭಾಗಕ್ಕೆ ಒತ್ತಿ ನೋಡಿ, ಅಲ್ಲಿ ಚುರುಕೆಂದರೆ ಕಣ್ಣಿಗೂ ಬೇಡ. ಶಾಖದ ಬೆನ್ನಿಗೇ, ಕಣ್ಣು ಮುಚ್ಚಿ, ಮೇಲಿನ ರೆಪ್ಪೆಯನ್ನು ಕೆಳಮುಖವಾಗಿ, ಕೆಳಗಿನದನ್ನು ಮೇಲ್ಮುಖವಾಗಿ ರೆಪ್ಪೆಗೂದಲಿನತ್ತ ಮೆಲ್ಲಗೆ ಸವರಿ. ತಡಮಾಡಿದರೆ ಎಣ್ಣೆ ಮತ್ತೆ ಹೆಪ್ಪುಗಟ್ಟುತ್ತದೆ. ಗುಡ್ಡೆಯನ್ನು ಒತ್ತಬೇಡಿ. ದಿನಕ್ಕೆ ಎರಡು ಸಲದಂತೆ ಕನಿಷ್ಠ ಒಂದೂವರೆ ತಿಂಗಳು ಮಾಡಿ ನೋಡಿ.

ಡ್ರಾಪ್ಸ್ ಬಾಟಲಿಯ ಲೇಬಲ್ ಓದಿ. ಬೆಂಜಾಲ್ಕೋನಿಯಂ ಕ್ಲೋರೈಡ್ ಎಂದಿದ್ದರೆ ಅದು ಕೆಡದಂತೆ ಹಾಕಿದ ಸಂರಕ್ಷಕ. ಪದೇ ಪದೇ ಬಿದ್ದರೆ ಕಣ್ಣಿನ ಮೇಲ್ಪದರಕ್ಕೇ ಹಾನಿ. ದಿನಕ್ಕೆ ನಾಲ್ಕಕ್ಕಿಂತ ಹೆಚ್ಚು ಸಲ ಬೇಕಾದವರು ಸಂರಕ್ಷಕವಿಲ್ಲದ್ದನ್ನೇ ಕೇಳಿ ಪಡೆಯಬೇಕು. ಕಣ್ಣು ಬೆಳ್ಳಗಾಗಿಸುವ, ಕೆಂಪು ಇಳಿಸುವ ಡ್ರಾಪ್ಸ್ ಬೇಡ. ಜೇನು, ಪನ್ನೀರು, ಎದೆಹಾಲು ಖಂಡಿತ ಬೇಡ, ಸೋಂಕು ತಗಲಿದರೆ ದೃಷ್ಟಿಗೇ ಅಪಾಯ.

ನೆಗಡಿ, ಅಲರ್ಜಿಗೆ ಸೆಟ್ರಿಜಿನ್, ನಿದ್ದೆಗೋ ನೋವಿಗೋ ಅಮಿಟ್ರಿಪ್ಟಿಲಿನ್ ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಗೆ ತಿಳಿಸಿ, ಇವೂ ಕಣ್ಣನ್ನು ಒಣಗಿಸುತ್ತವೆ.

ಪ್ರಶ್ನೆ: ಅಮ್ಮನಿಗೆ ಕಣ್ಣಿನ ಜೊತೆ ಬಾಯಿಯೂ ಒಣಗುತ್ತದೆ. ರೊಟ್ಟಿ ನುಂಗಲು ನೀರು ಬೇಕು, ಕೀಲುನೋವೂ ಇದೆ. ಇದೂ ಮುಟ್ಟು ನಿಂತದ್ದರಿಂದಲೇ?
— ಓದುಗರು, ಕಲಬುರಗಿ

ಉತ್ತರ: ಅಲ್ಲದಿರಬಹುದು. ದೇಹದ ರೋಗನಿರೋಧಕ ಶಕ್ತಿ ಕಣ್ಣೀರು, ಜೊಲ್ಲಿನ ಗ್ರಂಥಿಗಳ ಮೇಲೆ ತಿರುಗಿಬೀಳುವ ಶೋಗ್ರನ್ ಕಾಯಿಲೆಗೂ ಇವೇ ಲಕ್ಷಣ. ಅದು ಹೆಚ್ಚಾಗಿ ಕಾಣುವುದು ಹೆಂಗಸರಲ್ಲೇ, ಅದೂ ಮುಟ್ಟು ನಿಲ್ಲುವ ವಯಸ್ಸಿನ ಆಸುಪಾಸಿನಲ್ಲೇ. ಕಣ್ಣಿನ ವೈದ್ಯರು ಶಿರ್ಮರ್ ಪರೀಕ್ಷೆಯಲ್ಲಿ ಕಾಗದದ ಪಟ್ಟಿಯನ್ನು ರೆಪ್ಪೆಯಂಚಿಗೆ ಸಿಕ್ಕಿಸಿ 5 ನಿಮಿಷದಲ್ಲಿ ಎಷ್ಟು ಒದ್ದೆಯಾಯಿತೆಂದು ನೋಡುತ್ತಾರೆ. 5 ಮಿ.ಮೀ. ಅಥವಾ ಕಡಿಮೆ ಬಂದರೆ ನೀರಿನ ಉತ್ಪತ್ತಿಯೇ ಕುಸಿದಿದೆ ಎಂದರ್ಥ. ಈ ಕಾಯಿಲೆಯಲ್ಲಿ ಕಾಣುವ ಪ್ರತಿಕಾಯ ರಕ್ತದಲ್ಲಿದೆಯೇ ಎಂದು ನೋಡುವ ಆಂಟಿ-ಎಸ್‌ಎಸ್‌ಎ ಪರೀಕ್ಷೆಯೂ ಬೇಕಾಗುತ್ತದೆ. ಕೀಲುವಾತ ತಜ್ಞರಿಗೆ ತೋರಿಸಿ. ನೋವು ಹೆಚ್ಚಿ, ಬೆಳಕು ಸಹಿಸಲಾಗದೆ, ದೃಷ್ಟಿ ಮಬ್ಬಾದರೆ ಅಂದೇ ಕಣ್ಣಾಸ್ಪತ್ರೆಗೆ ಕರೆದೊಯ್ಯಿರಿ.