ಸ್ಕ್ಯಾನ್ ಸರಿಯಿದೆ, ತಲೆನೋವು ಮಾತ್ರ ಬಿಡುತ್ತಿಲ್ಲ

ಪ್ರಶ್ನೆ: ನಾವು ಸಕಲೇಶಪುರದ ಹತ್ತಿರದ ಹಳ್ಳಿಯವರು. ಮಗನಿಗೆ 17 ವರ್ಷ. ಹಾಸನದಲ್ಲಿ ಹಾಸ್ಟೆಲಿನಲ್ಲಿದ್ದು ದ್ವಿತೀಯ ಪಿಯುಸಿ ಸೈನ್ಸ್ ಓದುತ್ತಿದ್ದಾನೆ. ಹತ್ತು ವಾರದ ಹಿಂದೆ ಕಬಡ್ಡಿ ಆಡುವಾಗ ಇನ್ನೊಬ್ಬ ಹುಡುಗನ ಮೊಣಕಾಲು ತಲೆಗೆ ಬಡಿದು ಬಿದ್ದ. ಸ್ವಲ್ಪ ಹೊತ್ತು ಎಲ್ಲಿದ್ದೇನೆಂದೇ ಗೊತ್ತಾಗಲಿಲ್ಲವಂತೆ, ಒಂದು ಸಲ ವಾಂತಿಯಾಯಿತು. ಸಿ.ಟಿ. ಸ್ಕ್ಯಾನ್ ಮಾಡಿಸಿದೆವು, ಎಲ್ಲ ನಾರ್ಮಲ್ ಎಂದರು. ಮರುದಿನ ಶುರುವಾದ ತಲೆನೋವು ಇನ್ನೂ ಹೋಗಿಲ್ಲ. ಮೂರು ವಾರ ಮನೆಗೆ ಕರೆತಂದು ಕತ್ತಲೆ ಕೋಣೆಯಲ್ಲಿ ಮಲಗಿಸಿದೆ. ಹಾಸ್ಟೆಲಿಗೆ ಹೋದ ಮೇಲೆ ಮತ್ತೆ ಜಾಸ್ತಿಯಾಯಿತು. ಅರ್ಧ ಗಂಟೆ ಓದಿದರೆ ಹಣೆ ಸಿಡಿಯುತ್ತದೆ ಎನ್ನುತ್ತಾನೆ. ಹೆಚ್ಚುಕಡಿಮೆ ದಿನಾ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಾನೆ. 'ಮೊಬೈಲ್ ನೋಡುವಾಗ ಬಾರದ ನೋವು ಪುಸ್ತಕ ಹಿಡಿದರೆ ಬರುತ್ತದಾ? ಓದೋಕೆ ಕಳ್ಳತನ' ಎಂದು ನಮ್ಮ ಯಜಮಾನರು ಬೈಯುತ್ತಾರೆ. ಮಗ ಅಪ್ಪನ ಹತ್ತಿರ ಮಾತೇ ಬಿಟ್ಟಿದ್ದಾನೆ. ನಾನು ಯಾರನ್ನು ನಂಬಲಿ? ಈ ವರ್ಷ ಕಾಲೇಜು ಬಿಡಿಸಿ ಮನೆಯಲ್ಲೇ ಇಟ್ಟುಕೊಳ್ಳಲೇ?

ಉತ್ತರ: ಮಗನನ್ನು ನಂಬಿ. ಅವನು ಹೇಳುತ್ತಿರುವುದೆಲ್ಲ ತಲೆಗೆ ಪೆಟ್ಟು ಬಿದ್ದ ನಂತರ ಬರುವ ತಲೆನೋವಿನ ಲಕ್ಷಣವೇ. ಹೊಡೆತ ಬಿದ್ದ ಏಳು ದಿನದೊಳಗೆ ಶುರುವಾಗುವುದು, ಬೆಳಕು ಸದ್ದು ಸಹಿಸಲಾಗದಿರುವುದು, ಓದಲು ಕೂತರೆ ಏರುವುದು, ಇವೆಲ್ಲ ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳು. ಈ ವಯಸ್ಸಿನ ಬಹುಪಾಲು ಮಕ್ಕಳಿಗೆ ನಾಲ್ಕು ವಾರದೊಳಗೆ ವಾಸಿಯಾಗುತ್ತದೆ. ಉಳಿದವರಿಗೆ ಎಳೆಯುತ್ತದೆ. ಮೂರು ತಿಂಗಳು ದಾಟಿದರೆ ಅದನ್ನು ದೀರ್ಘಕಾಲದ ತಲೆನೋವು ಎಂದು ಗುರುತಿಸುತ್ತಾರೆ. ನಿಮ್ಮ ಮಗ ಆ ಗಡಿಯ ಈಚೆಗೇ ಇದ್ದಾನೆ. ಹಾಗಾಗಿ ಮಾಡುವ ಕೆಲಸವನ್ನು ಈ ವಾರವೇ ಶುರುಮಾಡಿ.

ಸಿ.ಟಿ. ನೋಡುವುದು ರಕ್ತಸ್ರಾವ, ಮೂಳೆ ಬಿರುಕು, ದೊಡ್ಡ ಬಾವು ಇವನ್ನು. ತಲೆ ಕುಲುಕಿದಾಗ ನರಕೋಶಗಳ ಒಳಗೆ ಹೊರಗೆ ಲವಣಗಳ ಸಮತೋಲ ತಪ್ಪುತ್ತದೆ. ಅದನ್ನು ಸರಿಪಡಿಸಲು ಕೋಶಗಳಿಗೆ ಹೆಚ್ಚು ಶಕ್ತಿ ಬೇಕು, ಆಗಲೇ ಪೂರೈಕೆ ಕಡಿಮೆಯಾಗಿರುತ್ತದೆ. ಇದು ಸಾಮಾನ್ಯವಾಗಿ ಮಾಡಿಸುವ ಸ್ಕ್ಯಾನಿನಲ್ಲಿ ಕಾಣದು. ಕಾಲು ಉಳುಕಿದವರ ಎಕ್ಸ್‌ರೇಯಲ್ಲಿ ಮೂಳೆ ಸರಿಯಿದ್ದರೂ ನೆಲಕ್ಕೆ ಕಾಲೂರಲು ಆಗುವುದಿಲ್ಲವಲ್ಲ, ಹಾಗೆ. ನಿಮ್ಮ ಯಜಮಾನರಿಗೆ ಇದನ್ನು ಹೇಳಿ. ಮೊಬೈಲ್ ವಿಷಯಕ್ಕೂ ಉತ್ತರ ಇದೆ: ರೀಲ್ಸ್ ನೋಡುವವನು ಮಲಗಿಕೊಂಡು, ಬೇಕೆಂದಾಗ ನಿಲ್ಲಿಸಿ, ಏನನ್ನೂ ನೆನಪಿಟ್ಟುಕೊಳ್ಳದೆ ನೋಡುತ್ತಾನೆ. ಭೌತಶಾಸ್ತ್ರದ ಲೆಕ್ಕಕ್ಕೆ ಕುತ್ತಿಗೆ ಬಗ್ಗಿಸಿ, ಎರಡೂ ಕಣ್ಣನ್ನು ಒಂದೇ ಕಡೆ ನಿಲ್ಲಿಸಿ, ಮೂರು ಹಂತಗಳನ್ನು ತಲೆಯಲ್ಲಿ ಹಿಡಿದಿಟ್ಟುಕೊಳ್ಳಬೇಕು. ಪೆಟ್ಟಾದ ಮಿದುಳಿಗೆ ಇವೆರಡೂ ಒಂದೇ ಹೊರೆಯಲ್ಲ. ಹಾಗೆಂದು ಮೊಬೈಲ್ ಒಳ್ಳೆಯದು ಎಂದಲ್ಲ. ರಾತ್ರಿ ಅದು ನಿದ್ದೆ ಕೆಡಿಸುತ್ತದೆ, ನಿದ್ದೆ ಕೆಟ್ಟರೆ ಮರುದಿನ ನೋವು ಬಂದೇ ಬರುತ್ತದೆ.

ಕತ್ತಲೆ ಕೋಣೆಯ ವಿಚಾರ. ಹೆಚ್ಚಿನ ವಿಶ್ರಾಂತಿ ಬೇಕಾದದ್ದು ಮೊದಲ ಒಂದೆರಡು ದಿನಕ್ಕೆ ಮಾತ್ರ. ಅದಕ್ಕಿಂತ ಹೆಚ್ಚು ದಿನ ಮಲಗಿಸಿದರೆ ಚೇತರಿಕೆ ನಿಧಾನವಾಗುತ್ತದೆ, ಬೆಳಕಿನ ಕಿರಿಕಿರಿ ಹೆಚ್ಚುತ್ತದೆ, ಮನಸ್ಸೂ ಕುಗ್ಗುತ್ತದೆ. ನೀವು ಪ್ರೀತಿಯಿಂದ ಮಾಡಿದ್ದೀರಿ, ಹಿಂದಿನ ಸಲಹೆಯೂ ಅದೇ ಆಗಿತ್ತು, ಕೊರಗಬೇಡಿ. ಈಗ ಕಿಟಕಿ ತೆಗೆಯಿರಿ. ಮನೆಯೊಳಗೆ ಕಪ್ಪು ಕನ್ನಡಕವೂ ಬೇಡ.

ನಿಮ್ಮ ಪತ್ರದಲ್ಲಿ ನಮ್ಮನ್ನು ಹೆಚ್ಚು ಚಿಂತೆಗೆ ಹಚ್ಚಿದ್ದು ಮಾತ್ರೆ. ನೋವಿನ ಮಾತ್ರೆಯೇ ನೋವಿಗೆ ಕಾರಣವಾಗುವುದುಂಟು. ಸಾದಾ ಪ್ಯಾರಸಿಟಮಾಲ್ ಅಥವಾ ಐಬುಪ್ರೊಫೆನ್ ತಿಂಗಳಿಗೆ 15 ದಿನ, ಕೆಫೀನ್ ಬೆರೆಸಿದ ಮಾತ್ರೆಗಳಾದರೆ 10 ದಿನ, ಹೀಗೆ ಮೂರು ತಿಂಗಳು ಮೀರಿ ನುಂಗಿದರೆ ಮಿದುಳು ಅದಕ್ಕೇ ಒಗ್ಗಿಹೋಗುತ್ತದೆ. ಮಾತ್ರೆಯ ಪ್ರಭಾವ ಇಳಿದಂತೆ ತಲೆ ನೋಯುತ್ತದೆ, ಇನ್ನೊಂದು ನುಂಗಬೇಕಾಗುತ್ತದೆ. ಮಗ ಆ ಹಾದಿಯಲ್ಲಿದ್ದಾನೆ. ಖಾಲಿ ಸ್ಟ್ರಿಪ್‌ಗಳನ್ನು ತೆಗೆದಿಡಲು ಹೇಳಿ. ಅಂಗಡಿಯವರು ಕೊಡುವ ತಲೆನೋವಿನ ಮಾತ್ರೆಗಳಲ್ಲಿ ಕೆಲವಕ್ಕೆ ಕೆಫೀನ್ ಸೇರಿರುತ್ತದೆ, ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಅದನ್ನು ಬರೆದಿರುತ್ತಾರೆ. ಇನ್ನು ಮುಂದೆ ಮಾತ್ರೆ ವಾರಕ್ಕೆ ಎರಡು ದಿನ ಮೀರಬಾರದು. ಬಿಟ್ಟ ಮೇಲೆ ಎರಡರಿಂದ ಹತ್ತು ದಿನ ನೋವು ಏರಬಹುದು. ಅದನ್ನು ಅವನಿಗೆ ಮೊದಲೇ ಹೇಳಿರಿ, ಇಲ್ಲದಿದ್ದರೆ ಮೂರನೇ ದಿನ ಹೆದರಿ ಮತ್ತೆ ಅಂಗಡಿಗೆ ಹೋಗುತ್ತಾನೆ. ಆ ದಿನಗಳಲ್ಲಿ ಮನೆಯಲ್ಲಿದ್ದರೆ ಒಳ್ಳೆಯದು. ಕಾಫಿ ಸೀಮೆಯವರಿಗೆ ಹೇಳುವುದು ಕಷ್ಟ, ಆದರೂ ಬೆಳಗ್ಗೆ ಒಂದು ಲೋಟ ಸಾಕು, ಮಧ್ಯಾಹ್ನದ ಮೇಲೆ ಕಾಫಿ ಬೇಡ. ಈಗ ನಾಲ್ಕೈದು ಲೋಟ ಕುಡಿಯುತ್ತಿದ್ದರೆ ದಿನಕ್ಕೊಂದರಂತೆ ಇಳಿಸಿ. ಒಮ್ಮೆಲೇ ನಿಲ್ಲಿಸಿದರೆ ಅದಕ್ಕೂ ತಲೆನೋವು ಬರುತ್ತದೆ.

ಓದಿನ ಲೆಕ್ಕ ಹೀಗಿರಲಿ. ನೋವಿಗೆ 0ಯಿಂದ 10ರವರೆಗೆ ಅಂಕ ಕೊಡುವುದನ್ನು ಅಭ್ಯಾಸ ಮಾಡಿಸಿ. ಕೂರುವಾಗ 3 ಇದ್ದರೆ 5ರವರೆಗೆ ಏರಬಹುದು, ಗಂಟೆಯೊಳಗೆ ಇಳಿದರೆ ಪರವಾಗಿಲ್ಲ. ಅದಕ್ಕಿಂತ ಮೇಲೆ ಹೋದರೆ ಅಥವಾ ಗಂಟೆ ದಾಟಿದರೂ ಇಳಿಯದಿದ್ದರೆ ಅವತ್ತಿನ ಹೊರೆ ಜಾಸ್ತಿಯಾಯಿತು ಎಂದರ್ಥ. ಅರ್ಧ ಗಂಟೆಗೆ ಸಿಡಿಯುತ್ತದೆ ಎನ್ನುತ್ತಾನಲ್ಲ, 20 ನಿಮಿಷಕ್ಕೇ ನಿಲ್ಲಿಸಲಿ. ಹತ್ತು ನಿಮಿಷ ಎದ್ದು ಓಡಾಡಲಿ, ಆ ಹೊತ್ತಿನಲ್ಲಿ ಮೊಬೈಲ್ ಬೇಡ. ಮತ್ತೆ 20 ನಿಮಿಷ. ಮೂರು ನಾಲ್ಕು ದಿನ ಸಲೀಸಾದರೆ ಐದು ನಿಮಿಷ ಸೇರಿಸಿ. ಎಲ್ಲರೂ ಎಡವುವುದು ಇಲ್ಲೇ: ಚೆನ್ನಾಗಿರುವ ದಿನ ಐದು ಗಂಟೆ ಓದಿ, ಮುಂದಿನ ಎರಡು ದಿನ ಮಲಗುತ್ತಾರೆ. ಚೆನ್ನಾಗಿದ್ದ ದಿನವೂ ಅಂದಿನ ಅಳತೆ ಮೀರಬಾರದು.

ನಡಿಗೆಯೂ ಔಷಧಿಯೇ. ದಿನಕ್ಕೆ 20 ನಿಮಿಷ ಬಿರುಸಾಗಿ ನಡೆಯಲಿ. 17ರ ಹುಡುಗನಿಗೆ ಆರಂಭದಲ್ಲಿ ನಾಡಿಬಡಿತ ನಿಮಿಷಕ್ಕೆ 110ರ ಆಸುಪಾಸು ಸಾಕು, ಸಹಿಸಿಕೊಂಡರೆ ಮುಂದಿನ ವಾರಗಳಲ್ಲಿ 140ರವರೆಗೆ. ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು 15 ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ಲೆಕ್ಕ ಸಿಗುತ್ತದೆ. ಹಾಸನದಲ್ಲಿದ್ದಾಗ ಮಹಾರಾಜ ಪಾರ್ಕಿನಲ್ಲಿ ನಡೆಯಲಿ. ಊರಿಗೆ ಬಂದರೆ ತೋಟದ ಏರು ದಾರಿ ಸದ್ಯಕ್ಕೆ ಬೇಡ, ಬಡಿತ ಒಮ್ಮೆಲೇ ಏರುತ್ತದೆ.

ಕುತ್ತಿಗೆಯನ್ನು ಯಾರಾದರೂ ಪರೀಕ್ಷಿಸಿದ್ದಾರೆಯೇ? ತಲೆಗೆ ಬಿದ್ದ ಹೊಡೆತ ಕುತ್ತಿಗೆಯನ್ನೂ ಝಾಡಿಸಿರುತ್ತದೆ. ನೋವು ಹಿಂದಲೆಯ ಬುಡದಿಂದ ಹಣೆಗೆ ಬರುತ್ತಿದ್ದರೆ, ಕುತ್ತಿಗೆ ತಿರುಗಿಸಿದಾಗ ಹೆಚ್ಚಿದರೆ ಫಿಸಿಯೋಥೆರಪಿ ಬೇಕು. ಮಂಚದ ಮೇಲೆ ಚಕ್ಕಳಮಕ್ಕಳ ಹಾಕಿ, ಪುಸ್ತಕ ತೊಡೆಯ ಮೇಲಿಟ್ಟು ಓದುವುದನ್ನು ಇವತ್ತೇ ಬಿಡಿಸಿ. ಮೇಜಿನ ಮೇಲೆ ಪುಸ್ತಕ ಓರೆಯಾಗಿ ಎತ್ತರದಲ್ಲಿರಲಿ. ಒಂದು ಮಾತು ಒತ್ತಿ ಹೇಳಬೇಕು: ಕಟಿಂಗ್ ಶಾಪಿನಲ್ಲಿ ತಲೆ ಮಸಾಜ್ ಮಾಡಿ ಕುತ್ತಿಗೆಯನ್ನು ಟಕ್ಕೆಂದು ನೆಟಿಕೆ ತೆಗೆಯುತ್ತಾರಲ್ಲ, ಅದನ್ನು ಮಾಡಿಸಲೇಬೇಡಿ. ಕುತ್ತಿಗೆಯಲ್ಲಿ ಮಿದುಳಿಗೆ ಹೋಗುವ ರಕ್ತನಾಳದ ಒಳಪದರ ಹರಿದರೆ ಪಾರ್ಶ್ವವಾಯು ಆಗಬಹುದು. ಕಣ್ಣಿಗೂ ಒಂದು ಸಣ್ಣ ಪರೀಕ್ಷೆ: ಪೆನ್ನಿನ ತುದಿಯನ್ನು ನಿಧಾನವಾಗಿ ಮೂಗಿನ ಕಡೆ ತನ್ನಿ. ಮೂಗಿನಿಂದ 6 ಸೆಂ.ಮೀ.ಗಿಂತ ದೂರದಲ್ಲೇ ಎರಡಾಗಿ ಕಂಡರೆ ಕಣ್ಣಿನ ವೈದ್ಯರಿಗೆ ಹೇಳಿ. ಓದಿದಾಗ ಬರುವ ನೋವಿಗೆ ಅದೂ ಒಂದು ಕಾರಣ.

ಊಟ, ನೀರು, ನಿದ್ದೆ ಹೊತ್ತಿಗೆ ಸರಿಯಾಗಿ ಆಗಬೇಕು. ತಿಂಡಿ ಬಿಟ್ಟು ಕ್ಲಾಸಿಗೆ ಓಡುವ ಹಾಸ್ಟೆಲ್ ಹುಡುಗರಿಗೆ ಹನ್ನೊಂದು ಗಂಟೆಗೇ ತಲೆ ಹಿಡಿಯುತ್ತದೆ. ನಿದ್ದೆ ಎಂಟು ಗಂಟೆಗೆ ಕಡಿಮೆಯಾಗಬಾರದು. ನಸುಕಿಗೆ ಎಬ್ಬಿಸಿ ಸ್ಟಡಿ ಅವರ್ ಕೂರಿಸುವ ಹಾಸ್ಟೆಲ್ ಆದರೆ ವೈದ್ಯರ ಚೀಟಿ ತೆಗೆದುಕೊಂಡು ನೀವಿಬ್ಬರೂ ಹೋಗಿ ಪ್ರಾಂಶುಪಾಲರನ್ನು ನೋಡಿ. ನಸುಕಿನ ಅವರ್‌ಗೆ ವಿನಾಯಿತಿ, ತರಗತಿಯಲ್ಲಿ ಟ್ಯೂಬ್‌ಲೈಟ್‌ನಿಂದ ದೂರದ ಬೆಂಚು, ಕಿರು ಪರೀಕ್ಷೆಗಳಿಂದ ಸ್ವಲ್ಪ ಕಾಲ ಬಿಡುವು, ಇಷ್ಟನ್ನು ಕೇಳಿ.

ವೈದ್ಯರಿಗೆ ತೋರಿಸಲು ಹಾಸನದ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಯಾದ ಹಿಮ್ಸ್‌ನ ಮೆಡಿಸಿನ್ ವಿಭಾಗಕ್ಕೇ ಹೋಗಬಹುದು. ಹಳೆಯ ಸಿ.ಟಿ. ಫಿಲ್ಮ್, ಮಾತ್ರೆಯ ಸ್ಟ್ರಿಪ್‌ಗಳು, ಎರಡು ವಾರದ ನೋವಿನ ಡೈರಿ ಕೈಯಲ್ಲಿರಲಿ. ಮನೆಯಲ್ಲಿ ಯಾರಿಗಾದರೂ ಅರೆತಲೆನೋವು ಇದ್ದರೆ ಅದನ್ನೂ ಹೇಳಿ. ವೈದ್ಯರು ರಾತ್ರಿ ನುಂಗಲು ಅಮಿಟ್ರಿಪ್ಟಿಲಿನ್‌ನಂಥ ಮಾತ್ರೆ ಸಣ್ಣ ಪ್ರಮಾಣದಲ್ಲಿ ಬರೆಯಬಹುದು. ಅಂಗಡಿಯವರು 'ಇದು ಖಿನ್ನತೆಯ ಮಾತ್ರೆ' ಎಂದರೆ ಗಾಬರಿಯಾಗಬೇಡಿ, ತಲೆನೋವು ತಡೆಯಲೂ ಅದನ್ನು ಕೊಡುತ್ತಾರೆ. ಗುಣ ತಿಳಿಯಲು ಕೆಲವು ವಾರ ಬೇಕು.

ಆದರೆ ಈ ಯಾವುದಾದರೂ ಕಂಡರೆ ಡೈರಿಗೆ ಕಾಯದೆ ತುರ್ತು ಚಿಕಿತ್ಸೆಗೆ ಒಯ್ಯಿರಿ: ನೋವು ದಿನದಿಂದ ದಿನಕ್ಕೆ ಏರುವುದು, ನಸುಕಿನಲ್ಲಿ ನೋವಿಗೇ ಎಚ್ಚರವಾಗುವುದು ಅಥವಾ ಮಲಗಿದರೆ ಹೆಚ್ಚುವುದು, ಪದೇಪದೇ ವಾಂತಿ, ಸುಮ್ಮನೆ ನೋಡುವಾಗಲೂ ಎರಡೆರಡಾಗಿ ಕಾಣುವುದು, ಕೈಕಾಲು ಶಕ್ತಿಗುಂದುವುದು, ಮಾತು ತೊದಲುವುದು, ಫಿಟ್ಸ್, ಎಬ್ಬಿಸಿದರೂ ಮಂಪರು. ಆಗ ಮತ್ತೆ ಸ್ಕ್ಯಾನ್ ಬೇಕು. ಇವಿಲ್ಲದೆ ಸುಮ್ಮನೆ ಸಮಾಧಾನಕ್ಕೆಂದು ಇನ್ನೊಂದು ಸ್ಕ್ಯಾನ್ ಬೇಡ.

ಕಾಲೇಜು ಬಿಡಿಸಬೇಡಿ. ಗೆಳೆಯರು, ತರಗತಿ, ದಿನಚರಿ ತಪ್ಪಿದ ಮಕ್ಕಳು ಇನ್ನೂ ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ಅರ್ಧ ದಿನ ಹೋದರೂ ಸರಿ, ಹೋಗಲಿ. ದ್ವಿತೀಯ ಪಿಯುಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ. ಮೊದಲನೆಯದರಲ್ಲಿ ಕೈಕೊಟ್ಟ ವಿಷಯವನ್ನು ಎರಡನೆಯದರಲ್ಲಿ ಬರೆಯಬಹುದು. ಇದನ್ನು ಅವನ ಅಪ್ಪನ ಬಾಯಿಂದಲೇ ಹೇಳಿಸಿ. ಊರಿಗೆ ಬಂದ ದಿನ ಸಂಜೆ ನಡಿಗೆಗೆ ಅಪ್ಪನೇ ಜೊತೆಗೆ ಹೋಗಲಿ, ಮಾರ್ಕ್ಸ್ ಮಾತು ಎತ್ತದೆ. ಮಗ ಊಟ ಬಿಟ್ಟರೆ, ಬದುಕು ಸಾಕು ಎಂಬಂಥ ಮಾತಾಡಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ.

ಕಬಡ್ಡಿ ಸದ್ಯಕ್ಕೆ ಇಲ್ಲ. ವಾಸಿಯಾಗುವ ಮುಂಚೆ ಇನ್ನೊಂದು ಹೊಡೆತ ಬಿದ್ದರೆ ಅಪಾಯ. ಮಾತ್ರೆಯಿಲ್ಲದೆ, ನೋವಿಲ್ಲದೆ ಇಡೀ ದಿನ ಕಾಲೇಜು ಮುಗಿಸುವಂತಾದ ಮೇಲೆ ಓಟ, ಆಮೇಲೆ ಮೈ ತಾಗದ ಅಭ್ಯಾಸ, ವೈದ್ಯರು ಒಪ್ಪಿದ ಮೇಲಷ್ಟೇ ಹಿಡಿತದ ಆಟ. ಒಂದೊಂದು ಹಂತಕ್ಕೂ ಕನಿಷ್ಠ ಒಂದು ಪೂರ್ತಿ ದಿನ ಕೊಡಿ. ನೋವು ಮರಳಿದರೆ ಒಂದು ಹಂತ ಹಿಂದಕ್ಕೆ ಹೋಗಲಿ.