ಕಪ್ಪುಕುಳಿಯ ಫೋಟೋ ಎಲ್ಲಿ ಸ್ವಾಮಿ?

ಪ್ರಶ್ನೆ: 2024ರ ಜನವರಿ 1ರ ಬೆಳಿಗ್ಗೆ ಇಸ್ರೋದವರು ಎಕ್ಸ್‌ಪೋಸ್ಯಾಟ್ ಉಪಗ್ರಹ ಹಾರಿಸಿದ್ದನ್ನು ಮನೆಮಂದಿಯೆಲ್ಲ ಟಿವಿಯಲ್ಲಿ ನೋಡಿದೆವು. ಕಪ್ಪುಕುಳಿ (ಬ್ಲ್ಯಾಕ್ ಹೋಲ್) ನೋಡೋಕೆ, ಅದರ ಸುತ್ತಲಿಂದ ಬರುವ ಎಕ್ಸ್‌ರೇ ಹಿಡಿಯೋಕೆ ಹೋಗಿದೆ ಅಂದರು. ಒಂದು ಫೋಟೋನೂ ಬರಲಿಲ್ಲವಲ್ಲ? ಇನ್ನೊಂದು, ನಮ್ಮ ಮೈಯನ್ನೇ ತೂರಿ ಹೋಗುವ ಎಕ್ಸ್‌ರೇ ಗಾಳಿ ತೂರಿ ಕೆಳಗೆ ಬರಲ್ವಾ? ಅದಕ್ಕೆ ಉಪಗ್ರಹ ಯಾಕೆ?
– ಓದುಗರು, ಹಾಸನ

ಉತ್ತರ: ಎರಡನೆಯದನ್ನು ಮೊದಲು ಮುಗಿಸಿಬಿಡೋಣ. ತಲೆ ಮೇಲಿರುವ ಗಾಳಿಯನ್ನೆಲ್ಲ ಒತ್ತಿ ನೀರಿನಷ್ಟು ಗಟ್ಟಿ ಮಾಡಿದರೆ ಸುಮಾರು 10 ಮೀಟರ್ ಆಗುತ್ತದೆ. ಅಂದರೆ 33 ಅಡಿ ನೀರಿರುವ ಬಾವಿ. ಆಸ್ಪತ್ರೆಯಲ್ಲಿ ಎಕ್ಸ್‌ರೇ ದಾಟಬೇಕಾದ್ದು ಒಂದು ಗೇಣು ಎದೆ, ಅಷ್ಟೇ. ನಕ್ಷತ್ರದಿಂದ ಬಂದದ್ದು ಈ ಬಾವಿಯ ತಳ ಮುಟ್ಟುವುದಿಲ್ಲ. ಅದಕ್ಕೇ 650 ಕಿ.ಮೀ. ಮೇಲೆ ಹೋಗಿ ಕೂತಿದ್ದು.

ಇನ್ನು ಫೋಟೋ. ಅದನ್ನು ತೆಗೆಯುವ ಕ್ಯಾಮೆರಾನೇ ಅದರಲ್ಲಿಲ್ಲ! ಇರುವುದು ಎರಡು ಉಪಕರಣ, ಎರಡೂ ಬೆಂಗಳೂರಿನವು. ಎಕ್ಸ್‌ರೇಯ ಶಕ್ತಿ ಅಳೆಯುವ ಎಕ್ಸ್‌ಸ್ಪೆಕ್ಟ್ ಮಾಡಿದ್ದು ಯು.ಆರ್. ರಾವ್ ಉಪಗ್ರಹ ಕೇಂದ್ರ. ಪೋಲಿಕ್ಸ್ ಮಾಡಿದ್ದು ರಾಮನ್ ಸಂಶೋಧನಾ ಸಂಸ್ಥೆ, ಅದೇ ಮೇಖ್ರಿ ಸರ್ಕಲ್ ಹತ್ತಿರದ್ದು, ದಿನಾ ಅದರ ಮುಂದೆ ಬಸ್ಸಲ್ಲಿ ಹೋಗುವ ಎಷ್ಟೋ ಜನರಿಗೆ ಒಳಗೆ ಏನು ನಡೆಯುತ್ತೆ ಅಂತ ಗೊತ್ತೇ ಇರಲ್ಲ.

ಪೋಲಿಕ್ಸ್ ಕೆಲಸ ಎಣಿಸುವುದು. ನಡುವೆ ಬೆರಿಲಿಯಂ ಲೋಹದ ಒಂದು ತುಂಡು, ಸುತ್ತ ಎಕ್ಸ್‌ರೇ ಬಿದ್ದದ್ದನ್ನು ಗುರುತಿಸುವ ನಾಲ್ಕು ಪತ್ತೆಕಾರಕಗಳು. ಎಕ್ಸ್‌ರೇ ತುಂಡಿಗೆ ಬಡಿದು ಪಕ್ಕಕ್ಕೆ ಚದುರುತ್ತದೆ. ಅದರ ಅಲೆ ಯಾವ ದಿಕ್ಕಿಗೆ ತೂಗಾಡುತ್ತಿದೆಯೋ ಅದಕ್ಕೆ ಅಡ್ಡಲಾಗಿ ಜಾಸ್ತಿ. ಯಾವ ಕಡೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ಆ ದಿಕ್ಕು ಸಿಗುತ್ತದೆ. ಅದರಿಂದ ನಕ್ಷತ್ರದ ಸುತ್ತಲಿನ ಕಾಂತಕ್ಷೇತ್ರ ಹೇಗಿದೆ ಅಂತ ಊಹಿಸಬಹುದು. ಆದರೆ ನಾಲ್ಕು ಪತ್ತೆಕಾರಕಗಳೂ ಒಂದೇ ಸಮ ಇರಲ್ಲ ಅಲ್ವಾ? ಅದಕ್ಕೆ ಇಡೀ ಉಪಗ್ರಹವೇ ನಿಧಾನವಾಗಿ ಸುತ್ತುತ್ತಿರುತ್ತದೆ, ಅಂಗಡಿಯವನ ಮೇಲೆ ಅನುಮಾನ ಬಂದಾಗ ತಕ್ಕಡಿಯ ತಟ್ಟೆ ಅದಲುಬದಲು ಮಾಡಿಸಿ ತೂಗಿಸುತ್ತೇವಲ್ಲ, ಹಾಗೆ. ಬರುವ ಎಕ್ಸ್‌ರೇ ಬಹಳ ಕಡಿಮೆ. ಒಂದೇ ಕಡೆ ದಿನಗಟ್ಟಲೆ ನೋಡಬೇಕು. ಕೊನೆಗೆ ಕೈಗೆ ಬರುವುದು ಏರಿಳಿಯುವ ಒಂದು ಗೆರೆ. ಟಿವಿಯವರಿಗೆ ಅದು ಬೇಡ.

ಪೋಲಿಕ್ಸ್ ಮೊದಮೊದಲು ನೋಡಿದ್ದು ಸಿಡಿದ ನಕ್ಷತ್ರವೊಂದರ ಅವಶೇಷವಾದ ಏಡಿ ನೀಹಾರಿಕೆಯ ನಡುವಿನ ಪಲ್ಸಾರನ್ನು, ಅಂದರೆ ಗಿರಗಿರ ತಿರುಗುವ ಆ ನಕ್ಷತ್ರದ ತಿರುಳನ್ನು. ಅದರ ಫೋಟೋನೇ ಬೇಕು ಅಂದರೆ ನಾಸಾ 1999ರಲ್ಲಿ ಹಾರಿಸಿದ ‘ಚಂದ್ರ’ ಎಂಬ ಎಕ್ಸ್‌ರೇ ದೂರದರ್ಶಕ ತೆಗೆದದ್ದನ್ನು ಹುಡುಕಿ, ಹೆಸರು ನಮ್ಮ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ಅವರದ್ದೇ. ಪಲ್ಸಾರಿನ ಸುತ್ತ ಬಳೆಯಂಥ ಉಂಗುರ ಚೆನ್ನಾಗಿ ಕಾಣುತ್ತದೆ.