ಎರಡನೇ ಕ್ಲಾಸಿಗೆ 300 ಪದಗಳ ಪಟ್ಟಿ ಬೇಕಾ? ನನ್ನ ಉತ್ತರ: ಬೇಡ

ಮಗಳು ಎರಡನೇ ಕ್ಲಾಸು, ಕಾಗುಣಿತ ಪೂರ್ತಿ ಬಾಯಿಪಾಠ, ಆದರೆ ಪುಸ್ತಕ ಕೊಟ್ಟರೆ ಓದಲ್ಲ, ಮೊದಲು ಕಲಿಸಬೇಕಾದ 300 ಪದಗಳ ಪಟ್ಟಿ ಯಾರ ಹತ್ತಿರವಾದರೂ ಇದೆಯಾ ಅಂತ ಮೂಡಿಗೆರೆಯಿಂದ ಕೇಳಿದ್ದೀರಿ. ನನ್ನ ಹತ್ತಿರ ಇತ್ತು. ಈಗಲೂ ಎಲ್ಲೋ ಇರಬೇಕು. ಆದರೆ ಕೊಡಲ್ಲ.

ನಾನು ಸಕಲೇಶಪುರದ ಕಡೆ ಒಂದು ಕಾಫಿ ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವವನು. ಬೆಳಗ್ಗೆ ಚೆಕ್ ರೋಲ್ (ಆಳುಗಳ ಹಾಜರಿ ಪುಸ್ತಕ), ಕೊಯ್ಲಿನ ಕಾಲದಲ್ಲಿ ಸಂಜೆ ಹಣ್ಣಿನ ತೂಕದ ಲೆಕ್ಕ. ಪಟ್ಟಿಯಲ್ಲಿ ಇಲ್ಲದ್ದು ಲೋಕದಲ್ಲೇ ಇಲ್ಲ ಅನ್ನುವ ಜಾತಿಯವನು. ಮಗ ಓದಲು ತಡವರಿಸಿದಾಗ ನನಗೆ ಹೊಳೆದಿದ್ದೂ ಪಟ್ಟಿಯೇ. ಅವನ ಇಂಗ್ಲಿಷ್ ಟೀಚರ್ ‘ಸೈಟ್ ವರ್ಡ್ಸ್’ (ನೋಡಿದ ಕೂಡಲೇ ಗುರುತಿಸಬೇಕಾದ ಪದಗಳು) ಅಂತ ಒಂದು ಹಾಳೆ ಕೊಟ್ಟಿದ್ದರು. ಅದನ್ನೇ ಕನ್ನಡಕ್ಕೆ ಇಳಿಸಿದೆ. ಹಳೇ ಮದುವೆ ಕಾಗದಗಳನ್ನು ಕತ್ತರಿಸಿ, ಖಾಲಿ ಬದಿಯಲ್ಲಿ ಸ್ಕೆಚ್ ಪೆನ್ನಿನಿಂದ ಒಂದೊಂದು ಪದ ಬರೆದೆ. ರಾತ್ರಿ ಊಟಕ್ಕೆ ಮುಂಚೆ ನಾನು ಕಾರ್ಡ್ ಹಿಡಿಯುವುದು, ಅವನು ಹೇಳುವುದು. ಆಮೇಲೆ ಒಂದೊಂದನ್ನೂ ಹತ್ತು ಸಲ ಬರೆಯುವುದು.

ಸ್ವಲ್ಪ ದಿನಕ್ಕೆ ಫಟಾಫಟ್ ಹೇಳತೊಡಗಿದ. ಮನೆಗೆ ಬಂದವರ ಮುಂದೆಲ್ಲ ಅವನನ್ನು ಮೆರೆಸಿದ್ದೇ ಮೆರೆಸಿದ್ದು.

ಒಂದು ರಾತ್ರಿ ‘ಮೊಲ’ದ ಕಾರ್ಡಿನ ಮೇಲೆ ಸಾರು ಚೆಲ್ಲಿತು. ಬೇರೆ ಕಾರ್ಡಿನಲ್ಲಿ ಬರೆದು ಹಿಡಿದೆ. ಸುಮ್ಮನೆ ನೋಡಿದ. ಆಮೇಲೆ ನನ್ನ ಕೈಯಿಂದ ತಗೊಂಡು ಹಿಂದೆ ತಿರುಗಿಸಿ ನೋಡಿದ. ಹಳೇ ಕಾರ್ಡಿನ ಹಿಂದೆ ಗಣಪತಿಯ ಅರ್ಧ ಸೊಂಡಿಲು ಇತ್ತು, ಒಂದು ಮೂಲೆ ಮಡಚಿತ್ತು. ಅವನಿಗೆ ಮೊಲ ಅಂದರೆ ಆ ಮಡಚಿದ ಮೂಲೆ ಮತ್ತು ಸೊಂಡಿಲು. ಮ ಅಕ್ಷರ, ಅದರ ಒತ್ವ, ಪಕ್ಕದ ಲ, ಯಾವುದನ್ನೂ ಅವನು ನೋಡಿಯೇ ಇರಲಿಲ್ಲ.

ತಪ್ಪು ಎಲ್ಲಿ ಆಯಿತು ಅಂತ ಸ್ವಲ್ಪ ಉದ್ದ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲೇ ಕಾಲಿಡಲು ಹೊರಟಿದ್ದೀರಿ. ಕಾರ್ಡ್ ಮಾಡಿದ್ದು ತಪ್ಪಲ್ಲ. ಇಂಗ್ಲಿಷಿನ ಮದ್ದನ್ನು ಕನ್ನಡಕ್ಕೆ ಕುಡಿಸಿದ್ದು ತಪ್ಪು. ಟೀಚರ್ ಕೊಟ್ಟ ಆ ಇಂಗ್ಲಿಷ್ ಪಟ್ಟಿ ಅಮೆರಿಕದ ಎಡ್ವರ್ಡ್ ಡಾಲ್ಚ್ ಅನ್ನುವವರು 1936ರಲ್ಲಿ ಪ್ರಕಟಿಸಿದ್ದು. 220 ಪದ, ಅದರಲ್ಲಿ ಒಂದೂ ನಾಮಪದ ಇಲ್ಲ. 95 ನಾಮಪದಗಳ ಪಟ್ಟಿ ಬೇರೆ. ಇಂಗ್ಲಿಷಿಗೆ ಅದು ಬೇಕು. ‘ಸೆಡ್’ ಅನ್ನಲು ಎಸ್, ಎ, ಐ, ಡಿ ಬರೆಯುವ ಭಾಷೆ ಅದು. ಅಕ್ಷರ ಕೂಡಿಸಿ ಓದಿದರೆ ಎಷ್ಟೋ ಪದ ಸಿಗುವುದೇ ಇಲ್ಲ. ಹಾಗಾಗಿ ನೋಡಿದ ತಕ್ಷಣ ಗುರುತು ಹಿಡಿಯುವ ಅಭ್ಯಾಸ ಮಾಡಿಸುತ್ತಾರೆ. ಕನ್ನಡಕ್ಕೆ ಆ ಕಷ್ಟ ಎಲ್ಲಿದೆ? ‘ಮೊ’ ನಿಜವಾಗಿ ಓದಲು ಬಂದರೆ ಮೊಲ, ಮೊಸರು, ಮೊಳಕೆ ಎಲ್ಲಕ್ಕೂ ದಾರಿ ಆಯಿತು. ಗುರುತು ಹಿಡಿದು ಹೇಳಿದರೆ ಮೊಲ ಒಂದೇ ಬರುತ್ತೆ. ಅದೂ ನಮ್ಮ ಮನೆಯ ಕಾರ್ಡಿನಲ್ಲಿ ಮಾತ್ರ.

ಇನ್ನೊಂದು ವಿಷಯ ನನಗೆ ತಡವಾಗಿ ತಿಳಿಯಿತು. ಇಂಗ್ಲಿಷಿನ ‘ಇನ್’, ‘ಟು’, ‘ಫ್ರಮ್’ ಬೇರೆ ಬೇರೆ ಪದಗಳು. ನಮ್ಮಲ್ಲಿ ಅವೆಲ್ಲ ಪದಕ್ಕೆ ಅಂಟಿಕೊಂಡ ಬಾಲ. ಮನೆ ಅನ್ನುವ ಪದ ಮಕ್ಕಳ ಪುಸ್ತಕದಲ್ಲಿ ಬರಿದೇ ಸಿಗುವುದು ಕಡಿಮೆ. ಮನೆಗೆ, ಮನೆಯಲ್ಲಿ, ಮನೆಯಿಂದ, ಮನೆಗಳನ್ನು ಅಂತಲೇ ಜಾಸ್ತಿ. ನನ್ನ ಪಟ್ಟಿಯಲ್ಲಿ ಮನೆ ಇತ್ತು, ಬಾಲ ಇರಲಿಲ್ಲ. (‘ದಿ’ಗೆ ಕನ್ನಡದಲ್ಲಿ ಏನು ಬರೆಯುವುದು ಅಂತ ಒಂದು ರಾತ್ರಿಯೆಲ್ಲ ತಲೆ ಕೆಡಿಸಿಕೊಂಡು ಕೊನೆಗೆ ‘ಆ’ ಅಂತ ಬರೆದ ಮಹಾನುಭಾವ ನಾನು.)

ಇದಕ್ಕೆ ಕೊಟ್ಟ ಬೆಲೆ ಕೇಳಿ. ಮೂರನೇ ಕ್ಲಾಸಿನಲ್ಲಿ ಶಾಲೆಯಿಂದ ಕರೆಸಿ, ಹುಡುಗ ಗಣಿತದಲ್ಲಿ ಹಿಂದೆ ಅಂದರು. ನಾನು ಒಂದು ಮಾತೂ ಕೇಳದೆ ಗಣಿತದ ಟ್ಯೂಷನ್‌ಗೆ ಹಾಕಿದೆ. ವರ್ಷಪೂರ್ತಿ ಫೀಸು ಕಟ್ಟಿದೆ. ಕೂಡುವುದು, ಕಳೆಯುವುದು ಅವನಿಗೆ ಮೊದಲಿಂದಲೂ ಬರುತ್ತಿತ್ತು. ‘ಬುಟ್ಟಿಯಲ್ಲಿ 24 ಹಣ್ಣುಗಳಿದ್ದವು’ ಅಂತ ಲೆಕ್ಕ ಶುರುವಾದರೆ ‘ಹಣ್ಣುಗಳಿದ್ದವು’ ಹತ್ತಿರ ನಿಂತುಬಿಡುತ್ತಿದ್ದ. ಲೆಕ್ಕ ಓದಿ ಹೇಳಿದರೆ ಬಾಯಲ್ಲೇ ಉತ್ತರ ಕೊಡುತ್ತಿದ್ದ. ಅಷ್ಟು ಹೊತ್ತಿಗೆ ತಾನು ದಡ್ಡ ಅಂತ ಅವನೇ ನಂಬಿಬಿಟ್ಟಿದ್ದ. ದುಡ್ಡಿಗಿಂತ ಅದು ದೊಡ್ಡ ನಷ್ಟ.

ದಾರಿ ತೋರಿಸಿದ್ದು ಪಕ್ಕದ ಮನೆಯ ಮೇಷ್ಟ್ರು. ಸರ್ಕಾರಿ ಶಾಲೆಯಲ್ಲಿ ನಲಿ-ಕಲಿ, ಅಂದರೆ ಆಟ, ಚಟುವಟಿಕೆಯಿಂದ ಕಲಿಸುವ ಪದ್ಧತಿ, ನಡೆಸುವವರು. ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿದ್ದು. ಅಲ್ಲಿ ಅ ಆ ಇ ಈ ಅಂತ ಸಾಲಾಗಿ ಕಲಿಸಲ್ಲ. ಮೊದಲು ರ, ಗ, ಸ, ದ, ಅ. ಇಷ್ಟು ಬಂದರೆ ಸರ, ದರ, ಅರಸ, ಅಗಸ, ಗರಗಸ ಓದಬಹುದು. ಹತ್ತಾರು ಅಕ್ಷರ ಕಾಯಬೇಕಿಲ್ಲ, ಐದರಲ್ಲೇ ಓದು ಶುರು. ನಮ್ಮ ಮಕ್ಕಳು ಕಾಗುಣಿತವನ್ನು ಹಾಡಿನ ಹಾಗೆ ಕಲಿತಿರುತ್ತಾರೆ. ನಿಮ್ಮ ಮಗಳನ್ನೂ ‘ಕೋ’ ತೋರಿಸಿ ಕೇಳಿ ನೋಡಿ. ಕ ಕಾ ಕಿ ಕೀ ಅಂತ ಮನಸ್ಸಲ್ಲೇ ಹೇಳಿಕೊಂಡು ಬರುತ್ತಾಳಾ, ನೇರ ಹೇಳುತ್ತಾಳಾ? ಮೊದಲನೆಯದಾದರೆ ಅವಳಿಗೆ ಹಾಡು ಬರುತ್ತೆ, ಓದು ಬಂದಿಲ್ಲ. ಸಾಲು ತಪ್ಪಿಸಿ, ಅಲ್ಲೊಂದು ಇಲ್ಲೊಂದು ಕೇಳಿ.

ಮೇಷ್ಟ್ರ ಜೊತೆಗೂ ನನಗೆ ಒಂದು ಜಗಳ ಇದೆ. ಒತ್ತಕ್ಷರವನ್ನು ಎಲ್ಲರೂ ಕೊನೆಗೆ ಇಡುತ್ತಾರೆ, ಕಷ್ಟ ಅಂತ. ಆದರೆ ಮಗುವಿನ ಬಾಯಲ್ಲಿ ಇರುವುದೇ ಒತ್ತಕ್ಷರ. ಅಮ್ಮ, ಅಪ್ಪ, ಅಜ್ಜಿ, ಅಕ್ಕಿ, ರೊಟ್ಟಿ, ಬೆಲ್ಲ. ಒತ್ತಿಲ್ಲದ ಸುಲಭ ಪದ ಅಂತ ಕೊಡುವ ಅರಸ, ಅಗಸರನ್ನು ನಮ್ಮ ತೋಟದ ಕೆಲಸಗಾರರ ಲೈನ್ ಮನೆಯ ಮಕ್ಕಳು ಎಲ್ಲಿ ನೋಡಿದ್ದಾರೆ? ನಾನಂತೂ ಉಲ್ಟಾ ಮಾಡಿದೆ. ಸಂತೆ ಚೀಟಿ ಬರೆಯುವ ಕೆಲಸ ಅವನಿಗೆ ಕೊಟ್ಟೆ. ಅಜ್ಜಿ ಹೇಳುವುದು, ಅವನು ಬರೆಯುವುದು. ಮೊದಲ ಸಲವೇ ‘ಹಕ್ಕಿ 5 ಕೆಜಿ’ ಅಂತ ಬರೆದ. ನಮ್ಮ ಹಾಸನದ ಕಡೆಯ ಅಕಾರ ಹಕಾರದ ಕಥೆ ಗೊತ್ತಲ್ವಾ. ಅಂಗಡಿಯವರು ಚೀಟಿ ಓದಿ, ‘ಗಿಳಿ ಕೊಡ್ಲಾ, ಪಾರಿವಾಳ ಕೊಡ್ಲಾ?’ ಅಂದರು. ಅವನಿಗೆ ನಗು ತಡೆಯಲಾಗಲಿಲ್ಲ. ಈಗಲೂ ಒಮ್ಮೊಮ್ಮೆ ತಪ್ಪುತ್ತಾನೆ. ಚೆಕ್ ರೋಲಿನಲ್ಲಿ ನಾನೂ ತಪ್ಪುತ್ತೇನೆ.

ಅವನು ತಾನಾಗಿಯೇ ಓದಿದ ಮೊದಲ ದೊಡ್ಡ ಪದ ಯಾವುದು ಗೊತ್ತಾ? ರಸ್ತೆ ಬದಿಯ ಬೋರ್ಡಿನ ‘ಕಾಡಾನೆ’. ನಮ್ಮ ಕಡೆ ಅದನ್ನು ಓದಲೇಬೇಕು. ಚಾರ್ಟಿನಲ್ಲಿ ಆನೆ ಅಂತ ನೂರು ಸಲ ಹೇಳಿದ್ದ. ಬೋರ್ಡಿನಲ್ಲಿ ಚಿತ್ರ ನೋಡಿ ಹೇಳುತ್ತಿದ್ದಾನೆ ಅಂದುಕೊಂಡೆ. ಬೈಕು ನಿಲ್ಲಿಸಿ ಕೆಳಗಿನ ಸಾಲು ತೋರಿಸಿದೆ. ‘ಎಚ್... ಎಚ್ಚ... ಎಚ್ಚರಿಕೆ’ ಅಂದ.

ಹಾಗಾಗಿ ಪಟ್ಟಿ ಬಿಡಿ. ಪದ ಅವಳ ಬಾಯಿಂದ ಬರಲಿ. ಇವತ್ತು ಏನು ತಿಂದೆ, ಯಾರ ಜೊತೆ ಆಡಿದೆ ಅಂತ ಕೇಳಿ, ಅವಳು ಹೇಳಿದ ಎರಡು ವಾಕ್ಯವನ್ನು ನೀವು ಬರೆದು ಅವಳಿಂದ ಓದಿಸಿ. ಅವಳು ‘ಮನೇಲಿ’ ಅಂದರೆ ‘ಮನೆಯಲ್ಲಿ’ ಅಂತ ಬರೆಯಿರಿ. ಮಾತು ತಿದ್ದಬೇಡಿ, ಪುಸ್ತಕದಲ್ಲಿ ಹೀಗೆ ಬರೀತಾರೆ ಅಂದರೆ ಸಾಕು. ‘ಹೋಗ್ತಾನೆ’ಗೂ ‘ಹೋಗುತ್ತಾನೆ’ಗೂ ಇರುವ ಅಂತರದಲ್ಲೇ ಎಷ್ಟೋ ಮಕ್ಕಳು ಎಡವುತ್ತಾರೆ. ಹತ್ತು ಸಲ ಬರೆಸುವ ಶಿಕ್ಷೆ ಖಂಡಿತ ಬೇಡ. ನಾಲ್ಕನೇ ಸಲಕ್ಕೆ ಕೈ ಮಾತ್ರ ಬರೆಯುತ್ತಿರುತ್ತೆ.

ಒತ್ತಕ್ಷರಕ್ಕೆ ಮೊದಲು ಅದೇ ಅಕ್ಷರಕ್ಕೆ ಅದೇ ಒತ್ತು ಬರುವ ಪದಗಳನ್ನೇ ತಗೊಳ್ಳಿ. ಅಕ್ಕ, ಅಪ್ಪ, ಅಜ್ಜಿ, ಅಣ್ಣ ಸುಲಭ, ಒತ್ತು ನೋಡಲು ಅಕ್ಷರದ ಹಾಗೇ ಇರುತ್ತೆ. ತ, ನ, ಮ, ಯ, ರ, ಲ ಈ ಆರರ ಒತ್ತು ಮಾತ್ರ ಮೂಲ ಅಕ್ಷರವನ್ನು ಹೋಲುವುದಿಲ್ಲ. ಅವನ್ನು ಬೇರೆಯಾಗಿ ತೋರಿಸಿ: ಹತ್ತು, ಅನ್ನ, ಅಮ್ಮ, ಅಯ್ಯ, ಚಕ್ರ, ಬೆಲ್ಲ. ಅರ್ಕಾವತ್ತಿಗೆ ಈಗಲೇ ಕೈ ಹಾಕಬೇಡಿ, ಅದು ಮೂರನೇ ಕ್ಲಾಸಿಗೆ ಇರಲಿ.